ಹಲಗಿಯ ಕೋಲು, ಲ್ಯಾರಿಯ ಹೆಬ್ಬೆರಳು

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘದ ಹುಡುಗರು ಮನೆಗೆ ಬಂದು "ಕಾಕಾ, ಈ ವರ್ಷ ನೀವು ನಾಕು ಮಾತು ಆಡಬೇಕು" ಅಂದರು. "ಯಾವ ವಿಷಯದ ಮ್ಯಾಲ?" ಅಂದೆ. "ನಿಮಗ ತಿಳಿದದ್ದು ಹೇಳ್ರಿ" ಅಂದರು. ನನಗೆ ತಿಳಿದದ್ದು ಎರಡೇ. ಒಂದು, ಕೆಟ್ಟುಹೋದ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡೋದು. ಇನ್ನೊಂದು, ಸುಮಾರು ನಲವತ್ತು ವರ್ಷದಿಂದ ಬಿಡದೆ ಕೇಳುತ್ತ ಬಂದ ಅಮೆರಿಕದ ಒಂದು ಬ್ಯಾಂಡು. ಟೇಪ್ ರೆಕಾರ್ಡರ್ ಈಗ ಯಾರಿಗೂ ಬೇಡ. ಅದಕ್ಕೆ ಬ್ಯಾಂಡಿನ ವಿಷಯ ಹೇಳ್ತೀನಿ. ಹುಡುಗರು ನಕ್ಕರು. ನಗಲಿ. ದಾಳಿಂಬದ ಮುದುಕನಿಗೆ ಅಮೆರಿಕದ ಹಾಡು ಯಾಕೆ ಅಂತ ನಿಮಗೂ ಅನಿಸಬಹುದು. ಸ್ವಲ್ಪ ಸಮಾಧಾನದಿಂದ ಕೇಳ್ರಿ, ಮಾತು ತಿರುಗಿ ನಮ್ಮ ಓಣಿಗೇ ಬರತದ.

1986ರಲ್ಲಿ ನಾನು ಪುಣೆಯಲ್ಲಿ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗಿರಾಕಿಯೊಬ್ಬ ಟೇಪ್ ರೆಕಾರ್ಡರ್ ಬಿಟ್ಟು ಹೋದವನು ವಾಪಸ್ ಬರಲೇ ಇಲ್ಲ. ಅದರೊಳಗೆ ಒಂದು ಕ್ಯಾಸೆಟ್ ಇತ್ತು. ರಿಪೇರಿಯಾದ ಮಷೀನಿನ ಆವಾಜು ನೋಡಲಿಕ್ಕೆ ಇದನ್ನೇ ಹಚ್ಚು ಅಂತ ಮಾಲೀಕ ಹೇಳಿದ. ಕ್ಯಾಸೆಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಹೆಸರಿತ್ತು: ಸ್ಲೈ ಆ್ಯಂಡ್ ದಿ ಫ್ಯಾಮಿಲಿ ಸ್ಟೋನ್. ಅಕ್ಷರ ಕೂಡಿಸಿ ಓದಲಿಕ್ಕೆ ಬಂತು, ಅರ್ಥ ಆಗಲಿಲ್ಲ. ಹಾಡಿನ ಮಾತೂ ತಿಳಿಯಲಿಲ್ಲ. ಆದರೆ ಪೆಟ್ಟು ತಿಳಿಯಿತು. ಕೈಯಲ್ಲಿ ಸೋಲ್ಡರ್ ಗನ್ ಹಿಡಿದವನು ಹಾಗೇ ಕೂತುಬಿಟ್ಟೆ. ಈ ಆವಾಜು ನಾನು ಎಲ್ಲಿಯೋ ಕೇಳೀನಲ್ಲ? ದಪ್ಪಗೆ ಒಂದು ಪೆಟ್ಟು, ಅದರ ಬೆನ್ನಿಗೇ ಚಟ್ ಅಂತ ತೆಳ್ಳಗೆ ಇನ್ನೊಂದು. ಎಲ್ಲಿ ಕೇಳಿದ್ದು ಅಂತ ಅವತ್ತು ರಾತ್ರಿ ಮಲಗಿದಾಗ ನೆನಪಾಯಿತು. ನಮ್ಮಪ್ಪನ ಹಲಗಿ.

ಆ ಪೆಟ್ಟಿನ ಕಥೆ ನಾನು ತಿಳಿದುಕೊಂಡದ್ದು ಎಷ್ಟೋ ವರ್ಷದ ಮೇಲೆ. ಅದನ್ನು ಬಾರಿಸಿದವನ ಹೆಸರು ಲ್ಯಾರಿ ಗ್ರಹಾಂ. ಓಕ್ಲ್ಯಾಂಡ್ ಎಂಬ ಊರಿನಲ್ಲಿ ಬೆಳೆದ ಹುಡುಗ. ತಾಯಿ ಹಾಡುತ್ತಿದ್ದಳು, ಪಿಯಾನೋ ನುಡಿಸುತ್ತಿದ್ದಳು. ಮಗ ಆಕೆಯ ಜೊತೆ ಹೋಟೆಲು, ಕ್ಲಬ್ಬುಗಳಲ್ಲಿ ಬಾಜಾ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ. ಮುಂದೆ ಅವರ ಜೊತೆ ಡ್ರಮ್ಮಿನವನು ಇಲ್ಲದಾದ. ಉಳಿದವರು ತಾಯಿ, ಮಗ ಇಬ್ಬರೇ. ಡ್ರಮ್ ಇಲ್ಲದೆ ಕುಣಿಯುವುದು ಹೇಗೆ? ಮಗನ ಕೈಯಲ್ಲಿ ಬೇಸ್ ಗಿಟಾರ್ ಇತ್ತು. ಅದು ಢಂ ಢಂ ಅಂತ ಕೆಳಗಿನ ಸ್ವರ ಕೊಡುವ, ದಪ್ಪ ತಂತಿಯ ಗಿಟಾರು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಬದಲಾಗಿ ತಂತಿಯನ್ನು ಹೆಬ್ಬೆರಳಿನಿಂದ ಬಡಿದ. ಸಣ್ಣ ಡ್ರಮ್ಮಿನ ಚಟ್ ಅನ್ನುವ ಆವಾಜಿಗೆ ಬದಲಾಗಿ ತಂತಿಯನ್ನು ಬೆರಳಿನಿಂದ ಎಳೆದು ಬಿಟ್ಟ. ಇವತ್ತು ಜಗತ್ತಿನ ಎಲ್ಲಾ ಬೇಸ್ ಗಿಟಾರಿನವರೂ ಕಲಿಯುವ ವಿದ್ಯೆ ಹುಟ್ಟಿದ್ದು ಹೀಗೆ. ಡ್ರಮ್ಮಿನವನಿಲ್ಲದ ತಾಯಿ, ಮಗನ ಜೋಡಿಯಲ್ಲಿ.

ಈಗ ಹಲಗಿ ನೋಡ್ರಿ. ಬಲಗೈಯಲ್ಲಿ ದಪ್ಪ ಗಿಡ್ಡ ಕೋಲು, ಎಡಗೈಯಲ್ಲಿ ತೆಳ್ಳಗಿನ ಉದ್ದ ಕಡ್ಡಿ. ದಪ್ಪ ಕೋಲಿನ ಕೆಲಸ ಲ್ಯಾರಿಯ ಹೆಬ್ಬೆರಳು ಮಾಡತದ, ಕಡ್ಡಿಯ ಕೆಲಸ ಅವನ ಇನ್ನೊಂದು ಬೆರಳು ಮಾಡತದ. ಅವನು ನಮ್ಮ ಹಲಗಿ ಕೇಳಿದವನಲ್ಲ, ನಮ್ಮಪ್ಪ ಅವನ ಗಿಟಾರು ಕಂಡವನಲ್ಲ. ಒಂದೇ ವಾದ್ಯದಿಂದ ಜನರನ್ನು ಕುಣಿಸಬೇಕಾದ ಬಡವ ಎಲ್ಲಿದ್ದರೂ ಕೈಗೆ ಅದೇ ದಾರಿ ಸಿಗತದ ಅಂತ ನನಗೆ ಅನಿಸುತ್ತದೆ.

ಆ ಬ್ಯಾಂಡಿನಲ್ಲಿ ಏಳು ಜನ. ಮುಂದಾಳು ಸ್ಲೈ ಸ್ಟೋನ್; ಮನೆಯವರು ಇಟ್ಟ ಹೆಸರು ಸಿಲ್ವೆಸ್ಟರ್ ಸ್ಟುವರ್ಟ್, ಹುಟ್ಟಿದ್ದು 1943ರಲ್ಲಿ. ಅವನ ತಮ್ಮ ಫ್ರೆಡ್ಡಿ ಗಿಟಾರಿಗೆ, ತಂಗಿ ರೋಜ್ ಪಿಯಾನೋಗೆ. ಬೇಸ್ ಗಿಟಾರಿಗೆ ಲ್ಯಾರಿ. ತುತ್ತೂರಿಗೆ ಸಿಂಥಿಯಾ ರಾಬಿನ್ಸನ್ ಎಂಬ ಹೆಣ್ಣುಮಗಳು. ಸ್ಯಾಕ್ಸೋಫೋನಿಗೆ ಜೆರಿ ಮಾರ್ಟಿನಿ, ಡ್ರಮ್ಮಿಗೆ ಗ್ರೆಗ್ ಎರಿಕೋ. ಇವರಿಬ್ಬರು ಬಿಳಿಯರು, ಉಳಿದ ಐವರು ಕರಿಯರು. 1960ರ ದಶಕದ ಅಮೆರಿಕ ಅಂದರೆ, ಕರಿಯರು ಬಿಳಿಯರು ಒಂದೇ ಬಸ್ಸಿನ ಸೀಟಿಗೆ, ಒಂದೇ ಹೋಟೆಲಿನ ಮೇಜಿಗೆ ಹೋರಾಡಿದ ಕಾಲ. ಅಂಥ ಕಾಲದಲ್ಲಿ ಇವರು ಒಂದೇ ವೇದಿಕೆ ಹತ್ತಿ, ಅದಕ್ಕೆ ಫ್ಯಾಮಿಲಿ, ಅಂದರೆ ಒಂದೇ ಮನೆತನ ಅಂತ ಹೆಸರಿಟ್ಟರು. ಹೆಣ್ಣುಮಗಳು ಬರೀ ಅಂದವಾಗಿ ನಿಂತು ಹಾಡಲಿಕ್ಕಲ್ಲ, ಗಲ್ಲ ಉಬ್ಬಿಸಿ ತುತ್ತೂರಿ ಊದಲಿಕ್ಕೆ ಬಂದಳು. ಲೇಜೀಮು ಆಡುವ ನಮ್ಮ ತಂಗಿಯರು ಈ ಮಾತು ನೆನಪಿಡಲಿ.

ಅವರ ಮೂರು ಹಾಡಿನ ವಿಷಯ ಹೇಳ್ತೀನಿ. ಮನೆಗೆ ಹೋಗಿ ಮೊಬೈಲಿನಲ್ಲಿ ಕೇಳ್ರಿ.

ಮೊದಲನೆಯದು "ಎವೆರಿಡೇ ಪೀಪಲ್". ಅಂದರೆ ದಿನನಿತ್ಯದ ಸಾದಾ ಜನ. 1969ರ ಆರಂಭದಲ್ಲಿ ಇದು ಅಮೆರಿಕದ ಮೊದಲನೇ ನಂಬರಿನ ಹಾಡಾಯಿತು. ಬಣ್ಣ ಬೇರೆ, ಬಾಳುವೆ ಬೇರೆ ಇದ್ದರೂ ಕೂಡಿ ಇರಬೇಕು ಅನ್ನುವುದು ಅದರ ತಾತ್ಪರ್ಯ. ನೀವು ಲ್ಯಾರಿಯ ಬೇಸ್ ಕಡೆ ಕಿವಿ ಕೊಡ್ರಿ. ಹಾಡು ಮುಗಿಯುವವರೆಗೂ ಒಂದೇ ಒಂದು ಸ್ವರ. ಅಷ್ಟು ದೊಡ್ಡ ವಿದ್ಯಾವಂತ ಬೇಕಾದರೆ ಇಪ್ಪತ್ತು ಸ್ವರ ಬಾರಿಸಿ ತೋರಿಸಬಹುದಿತ್ತು. ತೋರಿಸಲಿಲ್ಲ. ಉಳಿದ ಆರು ಜನ ಅದರ ಮೇಲೆ ನಿಲ್ಲಲಿ ಅಂತ ತಾನು ನೆಲವಾದ.

ಎರಡನೆಯದು "ಡ್ಯಾನ್ಸ್ ಟು ದಿ ಮ್ಯೂಸಿಕ್", 1968ರದು. ಇದರಲ್ಲಿ ಒಂದೊಂದೇ ವಾದ್ಯ ಒಳಗೆ ಬರುತ್ತದೆ. ಮೊದಲು ಡ್ರಮ್, ಆಮೇಲೆ ಗಿಟಾರು, ಆಮೇಲೆ ಬೇಸು, ಆರ್ಗನ್. ಪ್ರತಿಯೊಂದು ಬರುವ ಮುಂಚೆ ಇಗೋ ಇದು ಬರತದ ಅಂತ ಹಾಡಿನಲ್ಲೇ ಹೇಳುತ್ತಾರೆ. ಸಿಂಥಿಯಾ, ಜೆರಿ ಇಬ್ಬರನ್ನಂತೂ ಹಾಡಿನೊಳಗೆ ಹೆಸರು ಹಿಡಿದೇ ಕರೆಯುತ್ತಾರೆ. ಊದುವವರ ಹೆಸರು ಹಾಡಿನೊಳಗೆ! ಈ ಮಾತನ್ನು ಗಂಟು ಕಟ್ಟಿ ಇಟ್ಟುಕೊಳ್ಳಿ, ಕೊನೆಗೆ ನನಗೆ ಬೇಕಾಗತದ.

ಮೂರನೆಯದು "ಥ್ಯಾಂಕ್ ಯು" ಅಂತ ಶುರುವಾಗುವ ಹೆಸರಿನ ಹಾಡು, 1969ರ ಕೊನೆಗೆ ಬಂದದ್ದು. ನಾನು ನಾನಾಗಿರಲು ಬಿಟ್ಟದ್ದಕ್ಕೆ ಉಪಕಾರ ಅನ್ನುವುದು ಹೆಸರಿನ ಅರ್ಥ. ಆದರೆ ಇಂಗ್ಲಿಷಿನ ಕಾಗುಣಿತವನ್ನು ಬೇಕಂತಲೇ ಕೆಡಿಸಿ, ತಮ್ಮ ಬಾಯಿಗೆ ಬಂದಂತೆ ಬರೆದರು. ನಮ್ಮ ಕನ್ನಡಕ್ಕೆ ಮರಾಠಿ ಕೂಡಿದೆ ಅಂತ ಆ ಕಡೆಯವರೂ ನಗುತ್ತಾರೆ, ಈ ಕಡೆಯವರೂ ನಗುತ್ತಾರೆ. ಅಂಥವರಿಗೆ ಈ ಹಾಡಿನ ಹೆಸರು ತೋರಿಸಬೇಕು. ಪುಣೆಯಲ್ಲಿ ನಾನು ಕೇಳಿದ ಹೆಬ್ಬೆರಳಿನ ಪೆಟ್ಟು ಇದರದೇ.

ಈ ತರಹದ ಸಂಗೀತಕ್ಕೆ ಫಂಕ್ ಅಂತಾರೆ. ಫಂಕ್ ಅಂದರೆ ಮೊದಲಿನ ಅರ್ಥ ಏನು ಗೊತ್ತೇನು? ಮೈ ವಾಸನೆ. ಬೆವರಿನ ನಾತ. ದುಡಿದು ಬಂದ ಮೈಯಿಂದ ಬರುವ ವಾಸನೆಗೆ ಮೂಗು ಮುಚ್ಚಿಕೊಂಡು ಹೇಳುವ ಶಬ್ದ. ಅದೇ ಶಬ್ದವನ್ನು ಆ ಜನ ತಮ್ಮ ಸಂಗೀತಕ್ಕೆ ಹೆಸರಾಗಿ ಇಟ್ಟುಕೊಂಡರು. ನಮ್ಮ ಮೈ ವಾಸನೆಗೆ ಯಾರು ಯಾರು ಮೂಗು ಮುಚ್ಚಿಕೊಂಡರು ಅಂತ ಈ ಓಣಿಯಲ್ಲಿ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಫಂಕಿನ ದಾರಿ ತೆರೆದವನು ಜೇಮ್ಸ್ ಬ್ರೌನ್. 1933ರಲ್ಲಿ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ ಕಡುಬಡತನದಲ್ಲಿ ಹುಟ್ಟಿದವನು. ನಾಲ್ಕು ಎಣಿಕೆಯ ತಾಳದಲ್ಲಿ ಆಗಿನ ಹಾಡುಗಾರರು ಎರಡು, ನಾಲ್ಕರ ಮೇಲೆ ತೂಕ ಹಾಕುತ್ತಿದ್ದರು. ಅವನು ಆ ತೂಕ ತೆಗೆದು ಒಂದರ ಮೇಲೆ ಹಾಕಿದ. ಎಲ್ಲಾ ವಾದ್ಯ ಎಲ್ಲಿ ಬೇಕಾದರೂ ಆಡಲಿ, ಒಂದಕ್ಕೆ ಬಂದಾಗ ಕೂಡಬೇಕು. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾದ ವರ್ಷದಲ್ಲೇ, ಅವನು ಮಕ್ಕಳ ಗುಂಪು ಕೂಡಿಸಿ ಕಪ್ಪು ಬಣ್ಣದ ಹೆಮ್ಮೆಯನ್ನು ಗಟ್ಟಿಯಾಗಿ ಸಾರುವ ಹಾಡು ಮಾಡಿದ.

ಈ ಸೌತ್ ಕ್ಯಾರೊಲಿನಾದ್ದೇ ಇನ್ನೊಂದು ಹಳೇ ಸಂಗತಿ. 1739ರಲ್ಲಿ ಅಲ್ಲಿ ಸ್ಟೋನೊ ಎಂಬ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು. ಡೋಲು ಬಾರಿಸುತ್ತ, ನಿಶಾನೆ ಹಿಡಿದು ಹೊರಟರು. ದಂಗೆ ತುಳಿದು ಹಾಕಿದರು. ಮರುವರ್ಷ, 1740ರಲ್ಲಿ ಕಾನೂನು ಬಂತು: ಗುಲಾಮರು ಡೋಲು ಬಾರಿಸಬಾರದು, ಕಹಳೆ ಊದಬಾರದು. ಡೋಲು ಕಿತ್ತುಕೊಂಡರೆ ಜನ ಸುಮ್ಮನಾದರೇನು? ಕೈ ಚಪ್ಪಾಳೆ, ಕಾಲಿನ ಸಪ್ಪಳ, ತೊಡೆ, ಎದೆ, ಎಲ್ಲವನ್ನೂ ಡೋಲು ಮಾಡಿಕೊಂಡರು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಬಾರಿಸಬ್ಯಾಡ ಅಂದರು. ಇಲ್ಲಿ ಬಾರಿಸಲೇಬೇಕು ಅಂದರು. ಅವರ ಮನೆಯ ಮದುವೆಗೆ ಬಾರಿಸು, ಹೆಣಕ್ಕೆ ಬಾರಿಸು, ಜಾತ್ರೆಗೆ ಬಾರಿಸು, ಡಂಗುರಕ್ಕೆ ಬಾರಿಸು. ನೋಡಲಿಕ್ಕೆ ಉಲ್ಟಾ ಕಾಣತದ, ಆದರೆ ಎರಡೂ ಒಂದೇ. ಕೈ ನಮ್ಮದು, ಅಪ್ಪಣೆ ಇನ್ನೊಬ್ಬರದು.

ಈ ಸಂಬಂಧ ನಾನು ಕಟ್ಟಿದ್ದಲ್ಲ, ಬಾಬಾಸಾಹೇಬರೇ ಕಂಡಿದ್ದರು. ಅವರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ನ್ಯೂಯಾರ್ಕಿನಲ್ಲಿ, ಕರಿಯರ ಹಾರ್ಲೆಮ್ ಓಣಿಯ ಮಗ್ಗುಲಿಗೇ. 1946ರಲ್ಲಿ ಅವರು ಡು ಬಾಯ್ಸ್ ಎಂಬ ಕರಿಯರ ದೊಡ್ಡ ವಿದ್ವಾಂಸರಿಗೆ ಪತ್ರ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂಬ ಅರ್ಥದ ಮಾತು ತಿಳಿಸಿದ್ದರು. ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರ ಬರೆದರು. ಮುಂದೆ 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ್ದು ಓಕ್ಲ್ಯಾಂಡಿನಲ್ಲಿ. ಹೌದು, ನಮ್ಮ ಲ್ಯಾರಿ ಬೆಳೆದ ಊರಿನಲ್ಲೇ. ಆ ಹೆಸರು ನೋಡಿಯೇ 1972ರಲ್ಲಿ ನಾಮದೇವ ಢಸಾಳ, ಜೆ. ವಿ. ಪವಾರ ಮತ್ತವರ ಗೆಳೆಯರು ಮುಂಬೈಯಲ್ಲಿ ದಲಿತ ಪ್ಯಾಂಥರ್ ಕಟ್ಟಿದರು. ಹಾಡಿನ ಬಲವೂ ನಮಗೆ ಹೊಸದಲ್ಲ. ಭೀಮರಾವ ಕರಡಕರ ಜಲಸಾ, ಅಣ್ಣಾಭಾವು ಸಾಠೆಯವರ ಶಾಹಿರಿ, ವಾಮನದಾದಾ ಕರಡಕರ ಹಾಡುಗಳೇ ಓದು ಬಾರದವರ ಮನೆಗೂ ಬಾಬಾಸಾಹೇಬರನ್ನು ಮುಟ್ಟಿಸಿದವು.

ಈಗ ನಮ್ಮಪ್ಪನ ಮಾತು.

ನಾನು ಹತ್ತು ವರ್ಷದವನಿದ್ದಾಗ ಒಂದು ದೊಡ್ಡವರ ಮದುವೆ. ಊರು, ಮನೆತನ ಹೇಳೋದಿಲ್ಲ. ಅಪ್ಪನ ಹಿಂದೆ ನಾನೂ ಹೋಗಿದ್ದೆ, ಹಲಗಿ ಕಾಯಿಸಲಿಕ್ಕೆ ಕಸಕಡ್ಡಿ ಆರಿಸಿ ಕೊಡೋದು ನನ್ನ ಕೆಲಸ. ಬೆಳಗಿನಿಂದ ಬಿಸಿಲಲ್ಲಿ ಬಾರಿಸಿ ಬಾರಿಸಿ ಅಪ್ಪನ ಬಾಯಿ ಒಣಗಿತ್ತು. ನೀರು ಕುಡಿಯಲಿಕ್ಕೆ ಒಂದು ಗಳಿಗೆ ನಿಲ್ಲಿಸಿದ. ಕಟ್ಟೆಯ ಮೇಲಿಂದ ಯಾರೋ ಕೂಗಿದರು: "ಕೈ ನಿಂತರ ಕಾಳೂ ನಿಂತಾವ, ನೆನಪಿರಲಿ!" ಅಪ್ಪ ನೀರು ಕುಡಿಯಲಿಲ್ಲ. ಮತ್ತೆ ಬಾರಿಸಿದ. ಊಟಕ್ಕೆ ದನದ ಕೊಟ್ಟಿಗೆಯ ಹತ್ತಿರ ಕೂಡಿಸಿ, ಮೇಲಿಂದ ಎತ್ತಿ ಹಾಕಿದರು. ರಾತ್ರಿ ಮನೆಗೆ ಬಂದು ಹಲಗಿಯನ್ನು ಗೂಟಕ್ಕೆ ಹಾಕಿ ಅವ್ವನಿಗೆ ಅಂದ: "ಇದು ಇನ್ನ ಕೆಳಗ ಇಳಿಯಂಗಿಲ್ಲ." ಆ ವರ್ಷ ನಮ್ಮ ಮನೆಗೆ ಸುಗ್ಗಿಯ ಕಾಳು ಬರಲಿಲ್ಲ. ಅಪ್ಪ ಸೋಲಾಪುರ-ಹೈದರಾಬಾದ್ ರಸ್ತೆಯ ಮೇಲೆ ಖಡಿ ಹೊತ್ತ.

ಪುಣೆಯಿಂದ ದೀಪಾವಳಿಗೆ ಬಂದಾಗ ಆ ಟೇಪನ್ನು ತಂದಿದ್ದೆ. ಅಂಗಳದಲ್ಲಿ ಹಚ್ಚಿದೆ. ಅಪ್ಪ ಹೊರಸಿನ ಮೇಲೆ ಕೂತಿದ್ದ. ಮೊದಲು ಕೇಳದವನ ಹಾಗೆ ಇದ್ದ. ಆಮೇಲೆ ನೋಡಿದರೆ ಹೊರಸಿನ ಕಾಲಿನ ಮೇಲೆ ಎರಡು ಬೆರಳು ಆಡಾಕತ್ತಿದ್ದವು. ಹಾಡು ಮುಗಿದ ಮೇಲೆ ಕೇಳಿದ:

"ಇಂವ ಯಾರ ಮದುವಿಗಿ ಬಾರಸಾಕತ್ತಾನ?"

"ಯಾರ ಮದುವಿಗೂ ಅಲ್ಲಪ್ಪಾ. ತನ್ನ ಖುಷಿಗಿ ಬಾರಸಾಕತ್ತಾನ. ಜನಾ ತಿಕೀಟು ತಗೊಂಡು ಬಂದು ಕೇಳತಾರ."

"ಅವರು ಕುಂತು, ಇಂವ ನಿಂತು?"

"ಇಂವ ಮ್ಯಾಲ ವೇದಿಕೆ ಮ್ಯಾಗ ನಿಂತಿರತಾನ. ಅವರೂ ಎದ್ದು ನಿಂತು ಕುಣಿತಾರ."

ಅಪ್ಪ ಏನೂ ಅನ್ನಲಿಲ್ಲ. "ಮತ್ತೊಮ್ಮೆ ಹಚ್ಚು" ಅಂದ, ಅಷ್ಟೇ.

1991, ಬಾಬಾಸಾಹೇಬರ ಜನ್ಮಶತಾಬ್ದಿ. ಏಪ್ರಿಲ್ 14ರ ಮುಂಜಾನೆ ಅಪ್ಪ ತಾನಾಗಿಯೇ ಹಲಗಿ ಕೆಳಗೆ ಇಳಿಸಿದ. ಹದಿನೈದು ವರ್ಷದ ಧೂಳು ಒರೆಸಿ, ಹೊಸ ಚರ್ಮ ಹಾಕಿಸಿ, ಬೆಂಕಿಗೆ ಕಾಯಿಸಿ, ನಮ್ಮ ಮೆರವಣಿಗೆಯ ಮುಂದೆ ಬಾರಿಸಿದ. ಯಾರೂ ಕರೆದಿರಲಿಲ್ಲ, ಯಾರೂ ಕಾಳು ಕೊಡುವವರಿರಲಿಲ್ಲ. ಆದರೆ ನಮ್ಮವರೇ ಕೆಲವರು ಮುನಿಸಿಕೊಂಡರು. "ಬಾಬಾಸಾಹೇಬರು ಬಿಡು ಅಂದ ಗುಲಾಮಗಿರಿ ಇದು. ಜಯಂತಿಗೇ ತರತೀರೇನು?" ಅಂದರು. ಅವರ ಮಾತು ಸುಳ್ಳಲ್ಲ. 1927ರಲ್ಲಿ ಮಹಾಡಿನಲ್ಲಿ ಹೀನ ಕೆಲಸ ಬಿಡಿ ಅಂತ ಬಾಬಾಸಾಹೇಬರು ಹೇಳಿದ್ದರಿಂದಲೇ ನಾವು ತಲೆ ಎತ್ತಿದ್ದು. ಅಪ್ಪ ಅವರ ಜೊತೆ ವಾದ ಮಾಡಲಿಲ್ಲ. ನನಗೆ ಮಾತ್ರ ಹೇಳಿದ: "ನಾ ಬಿಟ್ಟದ್ದು ಅವರ ಅಂಗಳ. ಹಲಗಿ ಅಲ್ಲ."

ನನ್ನ ಭಾಷಣ ಇಷ್ಟೇ. ಬಿಡಬೇಕಾದದ್ದನ್ನು ಬಿಟ್ಟ ಮೇಲೆಯೇ ಅಪ್ಪನಿಗೆ ಹಲಗಿ ತನ್ನದಾಯಿತು. ಬಿಡದೆ ಬಾರಿಸಿದ್ದರೆ ಅದು ಬಿಟ್ಟಿಚಾಕರಿಯೇ. ಪೂರ್ತಿ ಬಿಟ್ಟೇ ಬಿಟ್ಟಿದ್ದರೆ ಆ ವಿದ್ಯೆ ನಮ್ಮ ಮನೆಯಲ್ಲಿ ಸತ್ತು ಹೋಗುತ್ತಿತ್ತು. ನಮ್ಮ ಸುತ್ತಲೂ ಇದಕ್ಕೆ ಸಾಕ್ಷಿ ಇದೆ. ಹಲಗಿಯ ಅಕ್ಕತಂಗಿಯಂಥ ತಮಟೆ ಬಾರಿಸುವ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚೆನ್ನೈಯಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಮುಂದೆ ನಿಂತು ಕಟ್ಟಿಸಿದ 'ಕಾಸ್ಟ್‌ಲೆಸ್ ಕಲೆಕ್ಟಿವ್' ಬ್ಯಾಂಡಿನವರು, ಅಂದರೆ ಜಾತಿ ಇಲ್ಲದವರ ಕೂಟ, 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಹತ್ತಿದರು. ಚೆನ್ನೈ ಓಣಿಗಳ ಗಾನಾ ಹಾಡನ್ನೂ ಗಿಟಾರನ್ನೂ ಒಟ್ಟಿಗೆ ಕೂಡಿಸಿ ಅಂಬೇಡ್ಕರರ ಮಾತು ಹಾಡಿದರು.

ಅಭಿಮಾನಿ ಅಂತ ಬರೀ ಹೊಗಳಿದರೆ ತಪ್ಪಾಗತದ. ಆ ಏಳು ಜನರ ಮನೆತನ ಬಹಳ ದಿನ ನಡೆಯಲಿಲ್ಲ. ಸ್ಲೈ ನಶೆಗೆ ಬಿದ್ದ. ಕಾರ್ಯಕ್ರಮಕ್ಕೆ ತಡವಾಗಿ ಬಂದ, ಬಾರದೆಯೂ ಉಳಿದ. ಲ್ಯಾರಿ ಬಿಟ್ಟು ಹೋಗಿ ಬೇರೆ ಬ್ಯಾಂಡು ಕಟ್ಟಿದ. 1975ರ ಹೊತ್ತಿಗೆ ಎಲ್ಲಾ ಒಡೆಯಿತು. ಮುಪ್ಪಿನಲ್ಲಿ ಸ್ಲೈ ಒಂದು ವ್ಯಾನಿನಲ್ಲಿ ದಿನ ಕಳೆದದ್ದೂ ಉಂಟು. 2025ರ ಜೂನಿನಲ್ಲಿ ತೀರಿಕೊಂಡ. ಅಷ್ಟು ದೊಡ್ಡ ಬುದ್ಧಿಯನ್ನು ನಶೆ ತಿಂತು. ನಮ್ಮ ಜಯಂತಿಯ ರಾತ್ರಿಗಳಲ್ಲಿ ಬಾಟಲಿ ಎಲ್ಲೆಲ್ಲಿ ತಿರುಗತಾವ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕಿಂತ ಹೆಚ್ಚು ಹೇಳೋದಿಲ್ಲ.

ಇನ್ನೊಂದು ನೋವು. ಜೇಮ್ಸ್ ಬ್ರೌನನ ಡ್ರಮ್ಮಿನವನು ಕ್ಲೈಡ್ ಸ್ಟಬಲ್‌ಫೀಲ್ಡ್. 1969ರಲ್ಲಿ ಅವನು ಬಾರಿಸಿದ ಕೆಲವೇ ಸೆಕೆಂಡುಗಳ ಒಂದು ಪೆಟ್ಟನ್ನು ಮುಂದೆ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಕತ್ತರಿಸಿ ಹಾಕಿಕೊಂಡರು. ನೀವು ಡಿಜೆಯಲ್ಲಿ ಆ ಪೆಟ್ಟಿಗೆ ಕುಣಿದಿದ್ದರೂ ಕುಣಿದಿರಬಹುದು. ಹಾಡಿನ ಹಕ್ಕು ಅವನ ಹೆಸರಿಗಿರಲಿಲ್ಲ. ಆ ಪೆಟ್ಟಿನ ರೊಕ್ಕ ಅವನ ಮನೆಗೆ ಬರಲಿಲ್ಲ, ಹೆಸರೂ ಬಹಳ ಕಾಲ ಬರಲಿಲ್ಲ. 2017ರಲ್ಲಿ ತೀರಿಕೊಂಡ.

ಈಗ ನೀವು ಕಟ್ಟಿಟ್ಟುಕೊಂಡ ಗಂಟು ಬಿಚ್ಚಿರಿ. ಸಿಂಥಿಯಾ, ಜೆರಿ ಅಂತ ಹಾಡಿನೊಳಗೇ ಹೆಸರು ಕರೆದರು ಅಂದೆನಲ್ಲ? 1991ರ ನಮ್ಮ ಜಯಂತಿಯ ಪಾಂಪ್ಲೇಟು ನನ್ನ ಹತ್ತಿರ ಇನ್ನೂ ಇದೆ. ಅದರಲ್ಲಿ ಮುಖ್ಯ ಅತಿಥಿಯ ಹೆಸರಿದೆ, ಮಂಡಪದವನ ಹೆಸರಿದೆ, ಲೌಡ್‌ಸ್ಪೀಕರಿನವನ ಹೆಸರಿದೆ. ಹಲಗಿ ಬಾರಿಸಿದವರದು ಒಂದೂ ಇಲ್ಲ. ಈಗಿನ ಪೋಸ್ಟರುಗಳಲ್ಲೂ ಇಲ್ಲ. ಡಿಜೆಗೆ ಕೈತುಂಬ ಸುಪಾರಿ ಕೊಡ್ತೀವಿ. ಹಲಗಿಯವರು ಬಂದರೆ ಚಹಾ ಕುಡಿಸಿ, ನೂರು ಇನ್ನೂರು ಕೈಯಲ್ಲಿ ಇಟ್ಟು ಕಳಿಸ್ತೀವಿ. ಇನ್ನೂ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಹಲಗಿ ಬಿಟ್ಟ ನಾವು, ಇನ್ನೂ ಬಾರಿಸುವ ನಮ್ಮವರನ್ನು ಒಂದು ಮೆಟ್ಟಿಲು ಕೆಳಗೆ ನೋಡ್ತೀವಿ. ಏಪ್ರಿಲ್ 14 ಒಬ್ಬರದು, ಆಗಸ್ಟ್ 1ರ ಅಣ್ಣಾಭಾವು ಜಯಂತಿ ಇನ್ನೊಬ್ಬರದು ಅನ್ನೋ ಹಂಗ ಪಟ್ಟಿ ಎತ್ತತೀವಿ. ಕಟ್ಟೆಯ ಮೇಲಿಂದ ಕೂಗಿದವರಿಗೂ ನಮಗೂ ಏನು ಫರಕು ಉಳೀತು?

ಅದಕ್ಕೆ ಸಂಘಕ್ಕೆ ನನ್ನ ಮೂರು ಕೇಳಿಕೆ. ಎರಡೂ ಜಯಂತಿಗೆ ಒಂದೇ ಪಟ್ಟಿ ಎತ್ತಿರಿ. ಹಲಗಿಯವರಿಗೆ ಮೊದಲೇ ಸುಪಾರಿ ಮಾತಾಡಿ, ಡಿಜೆಯವನಿಗೆ ಕೊಟ್ಟ ಮರ್ಯಾದೆಯನ್ನೇ ಕೊಟ್ಟು, ವೇದಿಕೆಯ ಮೇಲೆ ನಿಲ್ಲಿಸಿರಿ. ಕಲಿಯುವ ಹುಡುಗರಿಗೂ ಹುಡುಗಿಯರಿಗೂ ವಾರಕ್ಕೊಂದು ಸಂಜೆ ಅವರಿಂದ ಪಾಠ ಹೇಳಿಸಿರಿ. ಮೂರನೆಯದು, ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಒಂದು ಪುಟ ಬಿಡಿರಿ. ನಮ್ಮ ಊರಿನಲ್ಲಿ ಹಲಗಿ ಬಾರಿಸಿದ ಎಲ್ಲರ ಹೆಸರು, ಸತ್ತವರದು ಇದ್ದವರದು, ಮನೆ ಮನೆಗೆ ಹೋಗಿ ಕೇಳಿ ಬರೆಯಿರಿ. ನಮ್ಮಪ್ಪನ ಹೆಸರನ್ನು ನಾನು ಇವತ್ತು ಇಲ್ಲಿ ಹೇಳಿಲ್ಲ, ನೀವು ಗಮನಿಸಿರಬಹುದು. ಅದು ಒಂಟಿಯಾಗಿ ಬರೋದು ಬ್ಯಾಡ. ಆ ಪುಟದಲ್ಲಿ ಎಲ್ಲರ ಜೋಡಿ ಬರಲಿ.

ಹಲಗಿ ಇನ್ನೂ ನಮ್ಮ ಮನೆಯ ಗೂಟದ ಮೇಲೆ ಅದ. ಕಲಿಯುವವರು ಯಾರಾದರೂ ಇದ್ದರೆ ಬರ್ರಿ, ಇಳಿಸಿ ಕೊಡ್ತೀನಿ. ಕೇಳಲಿಕ್ಕೆ ಆ ಹಾಡುಗಳೂ ಅದಾವ.

ಜೈ ಭೀಮ್.